ಹೂವಿನ ಮೇಲೆ ಹೆಜ್ಜೆ

ಇನ್ನೂ ಆರು ಗಂಟೆ ಆಗಿಲ್ಲ. ಹಿತ್ತಲ ಬಾಗಿಲು ತೆಗೆದರೆ ಪಾರಿಜಾತದ ಬುಡವೆಲ್ಲ ಬೆಳ್ಳಗೆ. ರಾತ್ರಿ ಅರಳಿದ್ದು ಬೆಳಕು ಹರಿಯುವ ಹೊತ್ತಿಗೆ ತಾನಾಗಿ ಕಳಚಿಕೊಂಡು ಬಿದ್ದಿದೆ. ಹೆಚ್ಚಿನವು ಬೋರಲಾಗಿ ಬಿದ್ದು ಕೇಸರಿ ತೊಟ್ಟನ್ನು ಮೇಲೆತ್ತಿಕೊಂಡಿವೆ. ಕೆಲವು ಮಾತ್ರ ಮುಖ ಮೇಲೆ ಮಾಡಿ ಮಲಗಿವೆ. ನಲ್ಲಿಯ ತನಕ ನಾಲ್ಕೇ ಹೆಜ್ಜೆ. ಆದರೆ ಕಾಲಿಡುವುದೆಲ್ಲಿ?

ಈ ಗಿಡ ತೀರ್ಥಹಳ್ಳಿ ಕಡೆಯ ನನ್ನ ಸೋದರತ್ತೆಯ ಮನೆಯಿಂದ ಬಂದದ್ದು. ಗಿಡದ ಜೊತೆಗೆ ಅವಳ ಕಟ್ಟಳೆಗಳೂ ಬಂದವು. ನೆಲಕ್ಕೆ ಬಿದ್ದ ಹೂವು ದೇವರಿಗೆ ಸಲ್ಲದು, ಪಾರಿಜಾತ ಒಂದರ ಹೊರತು. ಅದಕ್ಕಾಗಿ ಹಿಂದಿನ ಸಂಜೆಯೇ ಬುಡದಲ್ಲೊಂದು ಹಳೆಯ ಪಂಚೆ ಹಾಸಿಡಬೇಕು. ಮುಂಜಾನೆ ಆಯುವಾಗ ಹೂವಿನ ಮೇಲೆ ಕಾಲಿಡಬಾರದು. ತಪ್ಪಿ ತಾಗಿದರೆ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ನಿನ್ನೆ ಸಂಜೆ ಪಂಚೆ ಹಾಸುವುದನ್ನು ಮರೆತೆ. ಈಗ ಹೂವೆಲ್ಲ ಮಣ್ಣಿನ ಮೇಲಿದೆ, ನಾನು ಹೊಸಿಲಲ್ಲಿ ನಿಂತಿದ್ದೇನೆ.

ಹೀಗೆ ಹೊಸಿಲಲ್ಲಿ ನಿಂತಾಗಲೆಲ್ಲ ನನಗೆ ಟೋಕಿಯೋದ ಒಂದು ಕತ್ತಲ ಕೋಣೆ ನೆನಪಾಗುತ್ತದೆ. ಅಲ್ಲೂ ಒಬ್ಬಳು ಹೀಗೆಯೇ ಕಾಲೆತ್ತದೆ ನಿಂತಿದ್ದಳು. ಅವಳು ಇದೇ ಅತ್ತೆ.

2019ರ ಏಪ್ರಿಲ್. ಅತ್ತೆಯ ಮಗ ಆಗ ಅಲ್ಲಿ ಕೆಲಸದಲ್ಲಿದ್ದ. ಚೆರ್ರಿ ಹೂವು ನೋಡಲು ಬಾ ಎಂದು ಎರಡು ವರ್ಷದಿಂದ ತಾಯಿಯನ್ನು ಕರೆಯುತ್ತಿದ್ದ. ಒಬ್ಬಳೇ ವಿಮಾನ ಹತ್ತುವುದಿಲ್ಲ ಎಂದು ಅವಳು ನನ್ನನ್ನು ಜೊತೆಗೆ ಕಟ್ಟಿಕೊಂಡಳು. ಒಂದು ದಿನ ಅವನು ನಮ್ಮಿಬ್ಬರನ್ನೂ ಯುರಿಕಾಮೊಮೆ ಎಂಬ ರೈಲಿನಲ್ಲಿ ಕೊಲ್ಲಿಯ ಮೇಲಿನ ಸೇತುವೆ ದಾಟಿಸಿ ಒದೈಬಾಕ್ಕೆ ಕರೆದೊಯ್ದ. ಚಾಲಕನಿಲ್ಲದ ರೈಲು ಅದು. ಅತ್ತೆ ಮುಂದಿನ ಗಾಜಿನ ಬಳಿಯೇ ಕೂತು, ಖಾಲಿ ಜಾಗವನ್ನು ನೋಡುತ್ತ, ದಾರಿಯುದ್ದಕ್ಕೂ ಮಾತಾಡಲಿಲ್ಲ.

ಒದೈಬಾದಲ್ಲಿ ಆಗ ದೊಡ್ಡದೊಂದು ತಿರುಗುಚಕ್ರವಿತ್ತು, 115 ಮೀಟರ್ ಎತ್ತರದ್ದು. ಅದರ ಬುಡದ ಕಟ್ಟಡದಲ್ಲೇ ಟೀಮ್‌ಲ್ಯಾಬ್ ಬಾರ್ಡರ್‌ಲೆಸ್. ಟೀಮ್‌ಲ್ಯಾಬ್ ಎಂಬುದು ಒಬ್ಬ ಕಲಾವಿದನ ಹೆಸರಲ್ಲ. ತೊಶಿಯುಕಿ ಇನೊಕೊ ಎಂಬವರು ಗೆಳೆಯರೊಡನೆ 2001ರಲ್ಲಿ ಕಟ್ಟಿದ ಬಳಗ. ಎಂಜಿನಿಯರುಗಳು, ಗಣಿತಜ್ಞರು, ವಾಸ್ತುಶಿಲ್ಪಿಗಳು, ಅನಿಮೇಷನ್ ಮಾಡುವವರು, ಎಲ್ಲರೂ ಸೇರಿ ಕೆಲಸ ಮಾಡುತ್ತಾರೆ. ಕೃತಿಯ ಕೆಳಗೆ ಬಳಗದ ಹೆಸರೇ ಇರುತ್ತದೆ. ಬಾರ್ಡರ್‌ಲೆಸ್ ತೆರೆದದ್ದು 2018ರ ಜೂನ್‌ನಲ್ಲಿ. ಹತ್ತು ಸಾವಿರ ಚದರ ಮೀಟರ್ ಜಾಗ, ನಮ್ಮ ಲೆಕ್ಕದಲ್ಲಿ ಎರಡೂವರೆ ಎಕರೆ ತೋಟ. ಅಷ್ಟೂ ಕತ್ತಲು. ಆ ಕತ್ತಲಲ್ಲಿ 520 ಕಂಪ್ಯೂಟರುಗಳು, 470 ಪ್ರೊಜೆಕ್ಟರುಗಳು. ಮೊದಲ ವರ್ಷದಲ್ಲೇ ಸುಮಾರು 23 ಲಕ್ಷ ಜನ ಬಂದು ಹೋದರಂತೆ. ನಮಗೆ ಸಾಲಿನಲ್ಲಿ ನಿಂತಾಗ ಅದು ಅರ್ಥವಾಯಿತು.

ಒಳಗೆ ನಕ್ಷೆ ಇಲ್ಲ. ಇಲ್ಲಿಂದ ಶುರು, ಇಲ್ಲಿಗೆ ಮುಗಿಯಿತು ಎಂಬ ಬಾಣದ ಗುರುತೂ ಇಲ್ಲ. ಗೋಡೆಗಳ ಮೇಲೆ ಬೆಳಕಿನ ಚಿತ್ರಗಳು ನಡೆದಾಡುತ್ತವೆ. ಒಂದು ಕೋಣೆಯ ಚಿಟ್ಟೆ ಅಲ್ಲೇ ಇರುವುದಿಲ್ಲ; ಬಾಗಿಲು ದಾಟಿ ಓಣಿಗೆ ಬರುತ್ತದೆ, ಮತ್ತೊಂದು ಕೃತಿಯೊಳಗೆ ನುಗ್ಗುತ್ತದೆ. ಓಣಿಗಳಲ್ಲಿ ಯಾರು ಯಾರೋ ಸಾಲಾಗಿ ನಡೆಯುತ್ತಿರುತ್ತಾರೆ, ಬೆಳಕಿನ ಮನುಷ್ಯರು. ಮುಟ್ಟಿದರೆ ನಿಂತು ತಿರುಗುತ್ತಾರೆ, ಮತ್ತೆ ತಮ್ಮ ದಾರಿ ಹಿಡಿಯುತ್ತಾರೆ. ಅತ್ತೆ ಅವರಿಗೆ ದಾರಿ ಬಿಟ್ಟು ಗೋಡೆಯಿಂದ ಸರಿದೇ ನಡೆಯುತ್ತಿದ್ದಳು, ಜಾತ್ರೆಯಲ್ಲಿ ನಡೆಯುವ ಹಾಗೆ.

ಆಮೇಲೆ ಆ ಕೋಣೆ.

ದೊಡ್ಡ ಕೋಣೆ. ಎದುರಿನ ಗೋಡೆಯಿಂದ ಜಲಪಾತವೊಂದು ಇಳಿಯುತ್ತಿತ್ತು. ನೀರಲ್ಲ, ಬೆಳಕು. ಆದರೂ ಅದು ನೀರಿನಂತೆಯೇ ಇಳಿಯುತ್ತಿತ್ತು, ಏಕೆಂದರೆ ಅಸಂಖ್ಯ ಕಣಗಳು ಒಂದಕ್ಕೊಂದು ತಾಗಿ ಹೇಗೆ ಸರಿಯುತ್ತವೆ ಎಂಬುದನ್ನು ಕಂಪ್ಯೂಟರು ಲೆಕ್ಕ ಹಾಕುತ್ತ, ಆ ಕಣಗಳ ದಾರಿಯನ್ನು ಗೆರೆಗಳಾಗಿ ಬಿಡಿಸುತ್ತ ಹೋಗುತ್ತದೆ. ಗೋಡೆಯಿಂದಿಳಿದ ನೀರು ನೆಲಕ್ಕೆ ಬಂದು ಹರಡುತ್ತದೆ. ನಡುವೆ ನೆಲವೇ ಬಂಡೆಯಂತೆ ಉಬ್ಬಿದೆ; ನೀರು ಅದನ್ನು ಬಳಸಿಕೊಂಡು ಹರಿಯುತ್ತದೆ. ಅಲ್ಲಿ ಯಾರಾದರೂ ನಿಂತರೆ ಅವರೂ ಬಂಡೆಯೇ. ನೀರು ಅವರ ಕಾಲಿನ ಬಳಿ ಸೀಳಿ, ಆಚೆ ಹೋಗಿ ಕೂಡಿಕೊಳ್ಳುತ್ತದೆ. ತುಂಗೆಯಲ್ಲಿ ಕಾಲಿಟ್ಟು ನಿಂತವರಿಗೆಲ್ಲ ಗೊತ್ತಿರುವ ಸಂಗತಿ ಇದು, ಇಲ್ಲಿ ತಂಪು ಮಾತ್ರ ಇಲ್ಲ.

ನೆಲದ ತುಂಬ ಹೂವು. ಮೊಳೆಯುತ್ತವೆ, ಬೆಳೆಯುತ್ತವೆ, ಮೊಗ್ಗಾಗುತ್ತವೆ, ಅರಳುತ್ತವೆ, ಉದುರುತ್ತವೆ. ಒಂದು ಗಂಟೆಯೊಳಗೆ ಒಂದು ವರ್ಷದ ಋತುಗಳೆಲ್ಲ ಬಂದು ಹೋಗುತ್ತವೆ. ಇದಕ್ಕೆ ಒಂದು ನಿಯಮವಿದೆ. ಹೂವನ್ನು ಮುಟ್ಟಿದರೆ, ಅದರ ಮೇಲೆ ನಡೆದರೆ, ಎಸಳು ಉದುರಿ ಅದು ಸಾಯುತ್ತದೆ. ಸುಮ್ಮನೆ ನಿಂತರೆ ನಿಂತವರ ಸುತ್ತ ಹೆಚ್ಚು ಹೆಚ್ಚು ಅರಳುತ್ತದೆ.

ಈ ನಿಯಮ ಬಾಗಿಲಲ್ಲಿ ನಮಗೆ ಯಾರೂ ಹೇಳಿರಲಿಲ್ಲ. ನಾನು ನೇರ ಒಳಗೆ ನಡೆದೆ. ಕೈಯಲ್ಲಿ ಫೋನು. ಜಲಪಾತದ ವಿಡಿಯೋ ಒಂದು, ಹೂವಿನದು ಒಂದು, ಬಂಡೆಯ ಮೇಲೆ ನಿಂತು ಒಂದು, ಆ ಮೂಲೆಯಿಂದ ಇನ್ನೊಂದು. ಹೋದಲ್ಲೆಲ್ಲ ಹೂವು ತೆಳ್ಳಗಾಗುತ್ತಿತ್ತು. ಇಷ್ಟು ದೂರ ಬಂದದ್ದಕ್ಕೆ ಇಷ್ಟೇನಾ ಎಂದು ನನಗೆ ಒಳಗೊಳಗೇ ಬೇಸರ. ಚೆನ್ನಾಗಿರುವ ಜಾಗ ಮುಂದೆಲ್ಲೋ ಇರಬೇಕು ಎಂದು ಮತ್ತೆ ನಡೆದೆ.

ತಿರುಗಿ ನೋಡಿದರೆ ಅತ್ತೆ ಬಾಗಿಲಲ್ಲೇ ಇದ್ದಳು. ಒಂದು ಹೆಜ್ಜೆ ಒಳಗೆ ಇಟ್ಟಿದ್ದಳು, ಎರಡನೆಯದು ಇಟ್ಟಿರಲಿಲ್ಲ. ಸೀರೆಯ ನೆರಿಗೆಯನ್ನು ಸ್ವಲ್ಪ ಎತ್ತಿ ಹಿಡಿದು ಕಾಲ ಬುಡ ನೋಡುತ್ತಿದ್ದಳು. ಅವಳ ಸುತ್ತ ಹೂವು ಒತ್ತೊತ್ತಾಗಿ ಎದ್ದಿತ್ತು. ಕೋಣೆಯಲ್ಲಿ ಬೇರೆಲ್ಲೂ ಅಷ್ಟು ಹೂವಿರಲಿಲ್ಲ. ಅವಳ ಪಾದ ಕಾಣಿಸುತ್ತಿರಲಿಲ್ಲ. ಹೂವು ಸೀರೆಯ ಅಂಚಿನ ಮೇಲೂ ಹತ್ತಿ, ಬಟ್ಟೆಯ ಮೇಲೆ ಅರಳುತ್ತಿತ್ತು.

“ಬಾ ಅತ್ತೆ” ಎಂದೆ.

“ಹೇಗೆ ಬರಲಿ, ಹೂವಿದೆಯಲ್ಲ” ಎಂದಳು.

ಅದು ಬೆಳಕು, ನಿಜವಾದ ಹೂವಲ್ಲ ಎಂದು ನಾನು ಹೇಳಿದೆ. ಅವಳಿಗೆ ಅದು ಗೊತ್ತಿಲ್ಲದೆ ಇರಲಿಲ್ಲ. ಮನೆಯಲ್ಲಿ ಟಿವಿ ನೋಡುವವಳು, ಸಿನಿಮಾ ನೋಡಿದವಳು. ಆದರೆ ಕಾಲು ಏಳಲಿಲ್ಲ. ಅರುವತ್ತು ವರ್ಷ ಪಾರಿಜಾತದ ಬುಡದಲ್ಲಿ ಜಾಗ ಹುಡುಕಿ ಹುಡುಕಿ ಇಟ್ಟ ಕಾಲು ಅದು. ತಲೆಗೆ ತಿಳಿದದ್ದನ್ನು ಕಾಲು ಒಪ್ಪಬೇಕಲ್ಲ.

ಆಮೇಲೆ ನಾನೂ ನಿಂತೆ. ಅವಳಿಗಾಗಿ ಕಾಯುತ್ತ ನಿಂತದ್ದು, ಹೂವಿಗಾಗಿ ಅಲ್ಲ. ಐದು ನಿಮಿಷ ಆಗಿರಬಹುದು. ನನ್ನ ಕಾಲ ಸುತ್ತಲೂ ಒಂದೊಂದಾಗಿ ಎದ್ದು ಬಂದವು. ಸೂರ್ಯಕಾಂತಿ ಇತ್ತು, ಹಳದಿಯ ಇನ್ನೇನೋ ಇತ್ತು. ನಮ್ಮಿಬ್ಬರ ನಡುವಿನ ಹತ್ತು ಮಾರು ದೂರದಲ್ಲಿ ನಾನು ನಡೆದುಬಂದ ದಾರಿ ಖಾಲಿಯಿತ್ತು. ಅದೂ ಮೆಲ್ಲಗೆ ತುಂಬಿತು. ತುಂಬುವುದನ್ನು ನಾನು ಕಣ್ಣಾರೆ ಕಂಡೆ. ಫೋನು ಜೇಬಿನಲ್ಲಿತ್ತು. ಆ ಪ್ರವಾಸದ ಒಂದೇ ಒಂದು ವಿಡಿಯೋವನ್ನೂ ನಾನು ಮತ್ತೆ ನೋಡಿಲ್ಲ. ಚಿತ್ರ ತೆಗೆಯದ ಆ ಐದು ನಿಮಿಷ ಮಾತ್ರ ಪ್ರತಿ ಪಾರಿಜಾತದ ಕಾಲಕ್ಕೂ ತಿರುಗಿ ಬರುತ್ತದೆ.

ಇಂಥ ಕಲೆಗೆ ಇಂಟರಾಕ್ಟಿವ್ ಎಂಬ ಪದ ಬಳಸುತ್ತಾರೆ. ಕನ್ನಡದಲ್ಲಿ ಸಂವಾದಿ ಎನ್ನಬಹುದೇನೋ. ಆ ಪದ ಕೇಳಿದ ಕೂಡಲೇ ಏನಾದರೂ ಮಾಡಬೇಕು ಅನ್ನಿಸುತ್ತದೆ. ಒತ್ತಬೇಕು, ತಟ್ಟಬೇಕು, ಓಡಬೇಕು. ಈ ಬಗೆಯ ಕಲೆಯ ಮೊದಲಿಗರಲ್ಲಿ ಒಬ್ಬರಾದ ಅಮೆರಿಕದ ಮೈರನ್ ಕ್ರೂಗರ್ 1970ರ ದಶಕದಲ್ಲೇ ವಿಡಿಯೋಪ್ಲೇಸ್ ಎಂಬುದನ್ನು ಕಟ್ಟಿದ್ದರು. ಅದರಲ್ಲಿ ನಿಂತವರ ನೆರಳು ಪರದೆಯ ಮೇಲೆ ಬೀಳುತ್ತದೆ, ಅದರ ಒಂದು ಆಟದಲ್ಲಿ ಪುಟ್ಟ ಜೀವಿಯೊಂದು ಬಂದು ಆ ನೆರಳನ್ನು ಹತ್ತಿ ನೆತ್ತಿಯ ಮೇಲೆ ಕುಣಿಯುತ್ತದೆ. ಕುಣಿಯಬೇಕಾದರೆ ಅದಕ್ಕೆ ನೆತ್ತಿ ಸಿಗಬೇಕು, ನೆತ್ತಿ ಸಿಗಬೇಕಾದರೆ ನಿಂತವರು ಅದಕ್ಕೆ ಹತ್ತಲು ಬಿಡಬೇಕು. ಅಂದರೆ ಸಂವಾದದಲ್ಲಿ ಎಂದೂ ಎರಡು ಪಾಲಿತ್ತು, ಆಡುವುದು ಮತ್ತು ಬಿಡುವುದು. ನಾವು ಒಂದನ್ನೇ ಕಲಿತೆವು.

ಹೂವು ನಾವು ನಿಂತದ್ದನ್ನು ತಿಳಿಯುವ ಬಗೆಯಲ್ಲಿ ಗುಟ್ಟೇನಿಲ್ಲ. ಸೆನ್ಸರುಗಳು ಯಾರೆಲ್ಲಿದ್ದಾರೆ ಎಂದು ಗಮನಿಸುತ್ತಿರುತ್ತವೆ. ಕಂಪ್ಯೂಟರು ಆ ಕ್ಷಣದ ಚಿತ್ರವನ್ನು ಆ ಕ್ಷಣದಲ್ಲೇ ಬಿಡಿಸುತ್ತದೆ. ಮೊದಲೇ ತೆಗೆದಿಟ್ಟ ಸಿನಿಮಾ ಅಲ್ಲ ಅದು, ತಿರುಗಿಸಿ ಹಾಕುವ ಸುರುಳಿಯೂ ಅಲ್ಲ. ಆ ಬಳಗದವರು ಇದನ್ನು ಒತ್ತಿ ಹೇಳುತ್ತಾರೆ: ಈಗ ಕಂಡದ್ದು ಮತ್ತೆ ಬಾರದು. ಅತ್ತೆಯ ಸೀರೆಯಂಚಿನಲ್ಲಿ ಅರಳಿದ ಹೂವು ಅವಳು ಅಲ್ಲಿ, ಆ ಹೊತ್ತಿಗೆ, ಅಷ್ಟು ಹೊತ್ತು ನಿಂತದ್ದರಿಂದ ಹುಟ್ಟಿದ್ದು. ಆ ಮೇಲೆ ಬಂದವರಿಗೆ ಅದು ಕಂಡಿರಲಾರದು.

ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು. ಚಿತ್ರಶಾಲೆಗಳಲ್ಲಿ ನಾನು ಬೇರೆಯವರನ್ನು ಸಹಿಸಿಕೊಂಡೇ ಚಿತ್ರ ನೋಡಿದವನು. ಎದುರು ಯಾರೋ ಅಡ್ಡ ನಿಲ್ಲುತ್ತಾರೆ, ಇವರು ಯಾವಾಗ ಸರಿಯುತ್ತಾರೆ ಎಂದು ಕಾಯುತ್ತೇನೆ. ಚಿತ್ರಕ್ಕೂ ನನಗೂ ನಡುವೆ ಮೂರನೆಯವರು ಬೇಡ. ಒದೈಬಾದ ಆ ಕೋಣೆಯಲ್ಲಿ ಮೂರನೆಯವರನ್ನು ಬಿಟ್ಟು ಚಿತ್ರವೇ ಇರಲಿಲ್ಲ. ನನ್ನ ಬಳಿಗೆ ಬರುತ್ತಿದ್ದ ನೀರು ನನಗಿಂತ ಮುಂದೆ ನಿಂತಿದ್ದ ಮುದುಕರೊಬ್ಬರ ಕಾಲಲ್ಲಿ ಸೀಳಿ ಬಂದದ್ದು. ಒಂದು ಮಗು ಓಡಿಬಂತು. ನನ್ನ ಸುತ್ತಿನ ಹೂವು ಅರ್ಧ ಉದುರಿತು. ತಾಯಿ ಗಾಬರಿಯಾಗಿ ತಲೆಬಾಗಿದಳು. ನಾನೂ ತಲೆಬಾಗಿದೆ. ಅಲ್ಲಿಯ ಪದ್ಧತಿ ಅದು, ಆದರೆ ಆ ಕ್ಷಣ ಅದು ಬರಿಯ ಪದ್ಧತಿ ಅನ್ನಿಸಲಿಲ್ಲ. ಅವರು ಚದುರಿಸಿದ್ದು ನನ್ನ ಹೂವನ್ನು, ನಾನು ಆ ಮೊದಲು ಚದುರಿಸಿದ್ದು ಎಷ್ಟು ಜನರದೋ.

ಬೆಳಿಗ್ಗೆ ಎದ್ದು ನೆಲಕ್ಕೆ ಕಾಲಿಡುವ ಮುಂಚೆ ಭೂಮಿಯ ಕ್ಷಮೆ ಕೇಳುವ ಶ್ಲೋಕವೊಂದನ್ನು ನಮ್ಮಲ್ಲಿ ಬಹಳ ಮಂದಿ ಚಿಕ್ಕಂದಿನಲ್ಲಿ ಕಲಿತಿರುತ್ತೇವೆ. ಕಾಲು ತಾಗಿಸುತ್ತಿದ್ದೇನೆ, ಮನ್ನಿಸು ಎಂದು. ನಾನು ಅದನ್ನು ಬಾಯಿಪಾಠ ಮಾಡಿದ್ದೆ, ಪರೀಕ್ಷೆಗೆ ಮಗ್ಗಿ ಕಲಿತ ಹಾಗೆ. ಕಾಲಿಟ್ಟರೆ ನೆಲಕ್ಕೆ ಏನಾಗುತ್ತದೆ? ಸಿಮೆಂಟಿನ ನೆಲಕ್ಕೆ ಏನೂ ಆಗುವುದಿಲ್ಲ. ಇಟ್ಟ ಹೆಜ್ಜೆಯ ಪರಿಣಾಮ ಕಣ್ಣಿಗೆ ಕಾಣದ ಮನೆಗಳಲ್ಲಿ ನಾವು ಹುಟ್ಟಿ ಬೆಳೆದೆವು. ಆ ಕತ್ತಲ ಕೋಣೆಯಲ್ಲಿ ಮೊದಲ ಬಾರಿಗೆ ನನ್ನ ಹೆಜ್ಜೆ ಏನು ಮಾಡುತ್ತದೆ ಎಂಬುದನ್ನು ಇಟ್ಟ ಮರುಕ್ಷಣವೇ ನೋಡಿದೆ. ಶ್ಲೋಕದ ಅರ್ಥ ನನಗೆ ತಿಳಿಸಿಕೊಟ್ಟದ್ದು ಪ್ರೊಜೆಕ್ಟರು. ಅತ್ತೆಗೆ ಅದರ ಅಗತ್ಯವಿರಲಿಲ್ಲ.

ಅವಳು ಕೊನೆಗೆ ದಾಟಿದಳು. ಹೇಗೆಂದರೆ, ಗೋಡೆಯ ನೀರು ಹರಿದು ಬರುವ ಅಂಚು ಹುಡುಕಿ, ಹೂವು ಕಡಿಮೆ ಇದ್ದ ಕಡೆ ಒಂದೊಂದೇ ಹೆಜ್ಜೆ. ನನ್ನ ಬಳಿ ಬಂದು ಬಗ್ಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಅಕ್ಕಪಕ್ಕದವರು ನೋಡಿದರು. ಯಾರೂ ನಗಲಿಲ್ಲ. ಎದ್ದು ನಿಂತವಳು ಬೆರಳನ್ನು ಮೂಗಿನ ಬಳಿ ಹಿಡಿದು, “ವಾಸನೆ ಒಂದಿಲ್ಲ” ಎಂದಳು. ದೂರಲ್ಲ ಅದು. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು.

ಅಲ್ಲಿಂದ ಪ್ರದರ್ಶನದೊಳಗಿನ ಚಹಾದ ಮನೆಗೆ ಹೋದೆವು. ಅದೂ ಕತ್ತಲೇ. ಗಾಜಿನ ಬಟ್ಟಲಲ್ಲಿ ಹಸಿರು ಚಹಾ ತಂದಿಡುತ್ತಾರೆ. ಇಟ್ಟ ಕೂಡಲೇ ಚಹಾದೊಳಗೆ ಬೆಳಕಿನ ಹೂವೊಂದು ಅರಳುತ್ತದೆ. ಬಟ್ಟಲು ಎತ್ತಿದರೆ ಎಸಳುಗಳು ಮೇಜಿನ ಮೇಲೆ ಚದುರುತ್ತವೆ, ಇಳಿಸಿದರೆ ಮತ್ತೆ ಅರಳುತ್ತದೆ. ಬಟ್ಟಲಲ್ಲಿ ಚಹಾ ಇರುವ ತನಕ ಹೂವು, ಕುಡಿದು ಮುಗಿಸಿದರೆ ಇಲ್ಲ. ನಾನು ನಾಲ್ಕು ಗುಟುಕಿಗೆ ಮುಗಿಸಿದೆ. ಅತ್ತೆ ತಣ್ಣಗಾಗುವವರೆಗೂ ಕುಡಿದಳು. ಸಕ್ಕರೆಯಿಲ್ಲದ ಆ ಚಹಾ ಅವಳಿಗೆ ಹಿಡಿಸುವಂಥದ್ದಲ್ಲ. ಆದರೂ ಕುಡಿದಳು, ಕೊನೆಯ ಗುಟುಕನ್ನು ಮಾತ್ರ ಕುಡಿಯಲಿಲ್ಲ. ನಾವು ಎದ್ದು ಬರುವಾಗ ಅವಳ ಬಟ್ಟಲಲ್ಲಿ ಚಿಕ್ಕದೊಂದು ಹೂವು ಇನ್ನೂ ಇತ್ತು.

ಮರುದಿನ ಅಲ್ಲೇ ಹತ್ತಿರದ ತೊಯೊಸುವಿಗೆ ಹೋದೆವು. ಅಲ್ಲಿ ಅದೇ ಬಳಗದ ಪ್ಲಾನೆಟ್ಸ್ ಎಂಬ ಇನ್ನೊಂದು ಪ್ರದರ್ಶನ. ಅದಕ್ಕೆ ಬರಿಗಾಲಲ್ಲೇ ಹೋಗಬೇಕು. ಒಂದು ಕೋಣೆಯಲ್ಲಿ ಮೊಣಕಾಲಿನ ತನಕ ನೀರು, ಇದು ನಿಜವಾದ ನೀರು. ಅದರ ಮೇಲೆ ಬೆಳಕಿನ ಕೋಯಿ ಮೀನುಗಳು ಓಡಾಡುತ್ತವೆ. ನಮ್ಮ ಕಾಲಿಗೆ ತಾಗಿದರೆ ಮೀನು ಹೂವಾಗಿ ಒಡೆದು ಚದುರುತ್ತದೆ. ಋತುವಿಗೆ ತಕ್ಕ ಹೂವು. ಅತ್ತೆ ಸೀರೆ ಎತ್ತಿ ಹಿಡಿದು ಹೊಳೆಗಿಳಿಯುವ ಹಾಗೆ ಇಳಿದಳು. ಶೃಂಗೇರಿಯ ಮೆಟ್ಟಿಲಲ್ಲಿ ಕೂತು ತುಂಗೆಯ ಮೀನಿಗೆ ಮಂಡಕ್ಕಿ ಹಾಕಿದ ಕೈ ಅದು. ತಾನಾಗಿ ನೀರಿಗೆ ಚಾಚಿತು. ಮೀನೊಂದು ಬಂದು ಬೆರಳಿನ ಬಳಿ ಹೂವಾಯಿತು. ಅವಳು ಕೈ ಹಿಂದೆ ತೆಗೆದಳು. “ಹಸಿವಿಲ್ಲದ ಮೀನು” ಎಂದಳು ಸ್ವಲ್ಪ ಹೊತ್ತಿನ ಮೇಲೆ.

ಆ ಮಾತನ್ನು ನಾನು ಬಹಳ ಸಲ ತಿರುವಿ ನೋಡಿದ್ದೇನೆ. ತುಂಗೆಯ ಮೀನು ನಮ್ಮ ಬಳಿಗೆ ಬರುವುದು ಅದಕ್ಕೆ ಏನೋ ಬೇಕಾಗಿ. ಅದು ಬರದೆಯೂ ಇರಬಹುದು. ಹಾಗಾಗಿ ಬಂದಾಗ ಖುಷಿ. ಬೆಳಕಿನ ಮೀನಿಗೆ ನಮ್ಮಿಂದ ಬೇಕಾದ್ದು ಏನೂ ಇಲ್ಲ. ನಮ್ಮ ಇರವನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಅಷ್ಟೇ. ಅಷ್ಟೇ ಎಂದು ಬರೆದೆ. ಆದರೆ ನಮ್ಮ ಇರವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಸಣ್ಣ ಮಾತೇ? ಸಾವಿರ ಜನರ ನಡುವೆ ಓಡಾಡುವ ನಗರದಲ್ಲಿ ಯಾರ ನೀರೂ ನನಗಾಗಿ ಸೀಳುವುದಿಲ್ಲ. ಆ ಕೋಣೆಗಳಿಗೆ ಅಷ್ಟು ಜನ ಸಾಲು ನಿಲ್ಲುವುದಕ್ಕೆ ಬೆಳಕಿನ ಬೆಡಗು ಮಾತ್ರ ಕಾರಣ ಎಂದು ನಾನು ನಂಬುವುದಿಲ್ಲ. ನಾನು ಇಲ್ಲಿದ್ದೇನೆ ಎಂಬುದಕ್ಕೆ ನೆಲದಿಂದ ಒಂದು ಉತ್ತರ ಬರಲಿ ಎಂಬ ಆಸೆ ಎಲ್ಲರಿಗೂ ಇದೆ. ಅದಕ್ಕೂ ಮೀರಿದ್ದನ್ನು, ವಾಸನೆಯನ್ನು, ಹಸಿವನ್ನು, ಯಂತ್ರದಿಂದ ಕೇಳುವುದು ತಪ್ಪು. ಅದಕ್ಕೆ ತುಂಗೆ ಇದೆ, ಹಿತ್ತಲು ಇದೆ.

ಒದೈಬಾದ ಪ್ರದರ್ಶನವನ್ನು 2022ರ ಆಗಸ್ಟ್ 31ರಂದು ಮುಚ್ಚಿದರು. ಅದೇ ದಿನ ಆ ತಿರುಗುಚಕ್ರವೂ ನಿಂತಿತು. ಬಾರ್ಡರ್‌ಲೆಸ್ 2024ರ ಫೆಬ್ರವರಿಯಲ್ಲಿ ನಗರದೊಳಗಿನ ಅಜಬುದೈ ಹಿಲ್ಸ್‌ನಲ್ಲಿ ಮತ್ತೆ ತೆರೆದಿದೆ. ಜಲಪಾತ ಅಲ್ಲೂ ಇದೆ. ಸುದ್ದಿ ಓದಿದ ದಿನ ಅತ್ತೆಗೆ ಫೋನು ಮಾಡಿ, ನೀನು ನಿಂತಿದ್ದ ಕೋಣೆ ಈಗ ಇಲ್ಲ ಎಂದೆ. “ಗಿಡ ಕಿತ್ತು ನೆಟ್ಟರಾ?” ಎಂದು ಕೇಳಿದಳು. ಹಾಗೆಯೇ ಅಂದುಕೋ ಎಂದೆ. “ಒಂದು ವರ್ಷ ಬೇಕು ಬೇರು ಹಿಡಿಯಲಿಕ್ಕೆ” ಎಂದು ಮಾತು ಮುಗಿಸಿದಳು.

ಈಗ ಅವಳಿಗೆ ಮಂಡಿ ನೋವು. ಬಗ್ಗಿ ಆಯಲು ಆಗುವುದಿಲ್ಲ. ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಪಾರಿಜಾತ ಉದುರುವುದನ್ನು ನೋಡುತ್ತ ಕೂರುತ್ತಾಳಂತೆ. ಪಕ್ಕದ ಮನೆಯ ಹುಡುಗಿ ಬಂದು ಪಂಚೆಯ ನಾಲ್ಕು ಮೂಲೆ ಹಿಡಿದು ಎತ್ತಿಕೊಡುತ್ತಾಳೆ.

ನಾನಿನ್ನೂ ಹೊಸಿಲಲ್ಲೇ ಇದ್ದೇನೆ. ಬೆಳಕು ಗೋಡೆಯ ಮೇಲಿಂದ ಇಳಿದಿದೆ. ಬುಟ್ಟಿ ಹಿಡಿದು, ಕೆಳಗಿಳಿದು, ಹೂವಿಲ್ಲದ ಅಂಗೈಯಗಲ ಜಾಗ ಹುಡುಕಿ ಒಂದು ಕಾಲಿಟ್ಟೆ. ಮುಂದಿನದಕ್ಕೆ ಜಾಗವಿರಲಿಲ್ಲ. ಅಲ್ಲೇ ಕುಕ್ಕರಗಾಲಲ್ಲಿ ಕೂತು ಕೈಗೆಟಕುವಷ್ಟನ್ನು ಆಯ್ದೆ, ಆ ಜಾಗ ತೆರವಾದ ಮೇಲೆ ಎರಡನೆಯ ಕಾಲಿಟ್ಟೆ. ತೊಟ್ಟು ಹಿಡಿದು ಎತ್ತಬೇಕು, ಎಸಳು ಮುಟ್ಟಿದರೆ ಕಂದುತ್ತದೆ. ಮಣ್ಣು ಹತ್ತಿದ್ದನ್ನು ಊದಿದೆ. ಕೈಬೆರಳಿಗೆ ಕೇಸರಿ ಬಣ್ಣ, ವಾಸನೆ. ಈ ವೇಗದಲ್ಲಿ ನಲ್ಲಿ ಮುಟ್ಟಲು ಅರ್ಧ ಗಂಟೆ ಹಿಡಿದಿರಬೇಕು. ನಡುವೆ ಒಂದು ಕಡೆ ಬೆನ್ನು ನೆಟ್ಟಗೆ ಮಾಡಲು ಎದ್ದು ನಿಂತೆ. ಗಿಡದಲ್ಲಿ ಉಳಿದ ಹೂವು ಆಗಲೂ ಬೀಳುತ್ತಲೇ ಇತ್ತು. ಸದ್ದಿಲ್ಲ, ಒಂದು ಇಲ್ಲಿ, ಸ್ವಲ್ಪ ತಡೆದು ಇನ್ನೊಂದು ಅಲ್ಲಿ. ಆಯ್ದು ಬಂದ ಜಾಗವನ್ನು ತಿರುಗಿ ನೋಡಿದರೆ ಅಲ್ಲಿ ಆಗಲೇ ಹೊಸದಾಗಿ ಐದಾರು ಬಿದ್ದಿದ್ದವು.

ಸರಿದು ಮುಂದಕ್ಕೆ ಕಾಲಿಟ್ಟೆ. ನಾನು ನಿಂತಿದ್ದಲ್ಲಿ ಎರಡು ಪಾದದಷ್ಟು ಬರಿಯ ನೆಲ ಉಳಿದಿತ್ತು, ಸುತ್ತ ಹೂವು. ನೋಡುತ್ತಿದ್ದ ಹಾಗೆ ಎಡಗಾಲಿನ ಗುರುತಿನ ಮೇಲೆ ಒಂದು ಬಿತ್ತು.